ಅಳತೆ ಪುಸ್ತಕದ ಹಸುರು ತುಂಡು

ಗುಂಡುಸೂಜಿಯಮ್ಮನಿಗೆ ಆ ಹೆಸರು ಬಂದದ್ದು ಅವಳ ಬಾಯಿಂದ. ಬಾಯಿಂದ ಎಂದರೆ ಮಾತಿನಿಂದಲ್ಲ, ಮಾತಾಡದೆ ಇದ್ದದ್ದರಿಂದ. ಬೆಳಿಗ್ಗೆ ಹೊಲಿಗೆ ಅಂಗಡಿಯ ಬಾಗಿಲು ತೆಗೆದು ನಾಲ್ಕು ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡಳೆಂದರೆ ಮತ್ತೆ ತೆಗೆಯುವುದು ಮಧ್ಯಾಹ್ನದ ಊಟಕ್ಕೇ. ಗಿರಾಕಿಗಳು ಏನು ಕೇಳಲಿ, ಎಷ್ಟು ಕೇಳಲಿ, ಹ್ಞೂಂ ಮತ್ತು ಉಹ್ಞೂಂ ಎರಡೇ ಉತ್ತರ. ಹೆಂಗಸರ ಬಟ್ಟೆ ಹೊಲಿಯುವವಳಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇರೆ ಬೇಕೇ? ಯಾರ ಸೊಂಟ ಎಷ್ಟು ದಪ್ಪವಾಯಿತು, ಯಾರ ಒಂದು ಭುಜ ಇನ್ನೊಂದಕ್ಕಿಂತ ಇಳಿದಿದೆ, ಯಾರು ಮೂರು ತಿಂಗಳಾದರೂ ಗಂಡನಿಗೆ ಹೇಳದೆ ಹೊಟ್ಟೆಯ ಹತ್ತಿರ ಸಡಿಲ ಬಿಡಿ ಎಂದರು, ಎಲ್ಲವೂ ಅವಳಿಗೆ ಗೊತ್ತು. ಯಾವುದೂ ಅವಳ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ.

ಒಮ್ಮೆ ಒಂದೇ ಮನೆಯ ಓರಗಿತ್ತಿಯರಲ್ಲಿ ಕಿರಿಯವಳು ಬಂದು, ಅಕ್ಕನಿಗೆ ಗೊತ್ತಾಗದ ಹಾಗೆ ಒಂದು ಸ್ಕರ್ಟ್ ಹೊಲಿಸಿ ಕೊಡಬೇಕೆಂದಿದ್ದೇನೆ, ಅವಳ ಸೊಂಟ ಎಷ್ಟೆಂದು ಹೇಳಿಬಿಡಿ ಎಂದು ಬೆಣ್ಣೆ ಹಚ್ಚಿದಳಂತೆ. ಗುಂಡುಸೂಜಿಯಮ್ಮ ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು, "ಅಕ್ಕನ್ನೇ ಕರ್ಕೊಂಡು ಬನ್ನಿ" ಎಂದು, ಮತ್ತೆ ಒಂದೊಂದಾಗಿ ಕಚ್ಚಿಕೊಂಡಳು. ಈ ಕತೆಯನ್ನು ಅವಳು ಹತ್ತು ವರ್ಷ ಹೇಳಿಕೊಂಡು ಬಂದಳು. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಕೇಳಿದವರಿಗೆಲ್ಲ ಅದು ಯಾರ ಮನೆಯ ವಿಷಯ ಎಂದು ಗೊತ್ತಾಗುತ್ತಿತ್ತು, ಆ ಮಾತು ಬೇರೆ. ಅದನ್ನು ಅವಳು ಎಣಿಕೆಗೆ ತೆಗೆದುಕೊಂಡಿರಲಿಲ್ಲ.

ಕಸುಬನ್ನು ಕಲಿಸಿದವನು ಮಾವ, ಗಂಡನ ಅಪ್ಪ. ಅಳತೆ ಪುಸ್ತಕದಲ್ಲಿ ಗಿರಾಕಿಯ ಹೆಸರು ಬರೆಯಕೂಡದು ಎಂಬುದು ಅವನ ಕಟ್ಟಪ್ಪಣೆ. ಹೆಸರಿನ ಜಾಗದಲ್ಲಿ ಅವರು ಹೊಲಿಸಿದ ಬಟ್ಟೆಯದೇ ಒಂದು ತುಂಡು, ಎರಡು ಬೆರಳಗಲ, ಗುಂಡುಸೂಜಿಯಿಂದ ಚುಚ್ಚಿಡಬೇಕು. ಪುಸ್ತಕ ಯಾರ ಕೈಗೆ ಸಿಕ್ಕಿದರೂ ಅವರಿಗೆ ಕಾಣುವುದು ಬರೀ ಅಂಕಿ, ಬರೀ ಚಿಂದಿ. ದರ್ಜಿಯ ಕಣ್ಣಿಗೆ ಮಾತ್ರ ಆ ಚಿಂದಿಯಿಂದ ಇಡೀ ಮನುಷ್ಯರು ಎದ್ದು ಬರುತ್ತಾರೆ. ಮಾವ ಸತ್ತು ಎಷ್ಟೋ ವರ್ಷವಾಗಿತ್ತು. ಮೂರು ದಪ್ಪ ಪುಸ್ತಕಗಳು ತುಂಬಿದ್ದವು, ತುಂಡುಗಳಿಂದ ಉಬ್ಬಿ ಮುಚ್ಚಲಾರದೆ ಬಾಯಿ ತೆರೆದುಕೊಂಡಿದ್ದವು.

ಮೂರನೆಯ ಪುಸ್ತಕದಲ್ಲಿ ಒಂದು ಹಾಳೆ ಟಿಕೆಟ್ ಕಿಟಕಿಯಾಕೆಯದು. ಬಸ್ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತು ಟಿಕೆಟ್ ಕೊಡುವವಳು, ನಲವತ್ತರ ಆಸುಪಾಸು, ಮದುವೆಯಾಗದೆ ಒಬ್ಬಳೇ ಇರುವವಳು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಂಗಡಿ ಖಾಲಿಯಿರುವ ಹೊತ್ತು ನೋಡಿ ಬಂದು, ತಾನೇ ಪರದೆ ಎಳೆದು, ಮೇಲಂಗಿ ಬಿಚ್ಚಿ ನಿಂತಳು. ಎಡಗಡೆಯ ಎದೆ ಇರಲಿಲ್ಲ. ಅಲ್ಲಿ ಓರೆಯಾಗಿ ಒಂದು ಹೊಲಿಗೆ ಇತ್ತು. ಹೊಲಿಗೆಯಲ್ಲೇ ಬದುಕು ಸವೆಸಿದ ಗುಂಡುಸೂಜಿಯಮ್ಮ ಬಾಯಲ್ಲಿದ್ದ ಸೂಜಿಗಳನ್ನು ಅಂಗೈಗೆ ಉಗುಳಿಕೊಂಡಳು.

"ಡಾಕ್ಟರಿಗೆ ಗೊತ್ತು, ನಮ್ಮಕ್ಕನಿಗೆ ಗೊತ್ತು, ಈಗ ನಿಮಗೆ" ಎಂದಳು ಕಿಟಕಿಯಾಕೆ. "ಆಫೀಸಲ್ಲಿ ಅಕ್ಕನಿಗೆ ಹುಷಾರಿರಲಿಲ್ಲ, ನೋಡ್ಕೊಳ್ಳೋಕೆ ಹೋಗಿದ್ದೆ ಅಂದಿದೀನಿ. ದಿನಕ್ಕೆ ಎಂಟುನೂರು ಜನ ನನ್ನೆದುರಿಗೆ ಬಂದು ನಿಲ್ತಾರೆ. ಎಂಟುನೂರು ಸಲ ಪಾಪ ಅನ್ನಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅವಳು ತಂದಿದ್ದ ಬಟ್ಟೆ ಹಸುರು, ಅದರ ಮೇಲೆ ಸಾಸಿವೆ ಕಾಳಿನಷ್ಟು ಹಳದಿ ಚುಕ್ಕಿ. ಅಕ್ಕ ದೂರದ ಬಂದರಿನಿಂದ ತಂದುಕೊಟ್ಟದ್ದು. ಆ ಬಟ್ಟೆಯಲ್ಲಿ ಗುಂಡುಸೂಜಿಯಮ್ಮ ಒಂದು ಕೋಟು ಹೊಲಿದಳು. ಒಳಗೆ ಎಡಕ್ಕೆ ಒಂದು ಚೀಲ, ಅದರಲ್ಲಿ ಹತ್ತಿ. ಬಲಗಡೆಯ ತೂಕ ಎಡಗಡೆಗೂ ಬರುವವರೆಗೆ ಐದು ಸಲ ಬಿಚ್ಚಿ ಹೊಲಿದಳು. ಹಾಳೆಯಲ್ಲಿ ಬರೆದಳು: ಎಡಗಡೆ ಇಲ್ಲ. ಒಳಚೀಲ, ಹತ್ತಿ ನಾಲ್ಕು ಹಿಡಿ, ಹೊಲಿಗೆ ಎರಡು ಸಾಲು. ತೋರಬಾರದು. ಕಡೆಯ ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಹಸುರು ತುಂಡನ್ನು ಚುಚ್ಚಿದಳು. ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದಾಗ ಕಿಟಕಿಯಾಕೆಯ ಮುಖ ಅರಳಿತು. ಇಂಥ ಬಟ್ಟೆ ಈ ಊರಲ್ಲೇ ಇನ್ನೊಂದಿಲ್ಲ, ಒಂದು ಮೈಲಿ ದೂರದಿಂದ ನೀವೇ ಅಂತ ಗುರುತು ಸಿಗುತ್ತೆ ಎಂದು ಹೊಗಳಿದವಳೂ ಗುಂಡುಸೂಜಿಯಮ್ಮನೇ. ಅಂದಿನಿಂದ ಆ ಕೋಟು ಆ ಗಾಜಿನ ಹಿಂದೆ ದಿನಾ ಕಾಣುತ್ತಿತ್ತು. ಕಿಟಕಿಯ ಕೋಣೆ ಸದಾ ತಣ್ಣಗೆ.

ಈ ವರ್ಷ ಅಂಗಡಿಯ ಮೇಲಿನ ಮನೆಯ ನೀರಿನ ಕೊಳವೆ ಒಡೆಯಿತು. ಗೋಡೆಯ ಮೇಲೆ ಇಳಿದ ನೀರು ಒಂದನೆಯ ಪುಸ್ತಕಕ್ಕೆ ತಗಲಿ ಹತ್ತು ಹಾಳೆಯ ಶಾಯಿ ಕದಡಿಹೋಯಿತು. ಗುಂಡುಸೂಜಿಯಮ್ಮ ಆ ಹಾಳೆಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸುತ್ತ ಅಳುವಂತಾದಳು. ಪಕ್ಕದ ಅಂಗಡಿಯ ಮೊಬೈಲ್ ರಿಪೇರಿಯವನು ಅದನ್ನು ನೋಡಿ, ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಒಂದೊಂದು ಹಾಳೆಯನ್ನೂ ಫೋನಿನಲ್ಲಿ ಫೋಟೊ ತೆಗೆದಿಡಿ, ನೀರೂ ಇಲ್ಲ ಬೆಂಕಿಯೂ ಇಲ್ಲ ಎಂದ. ಅವಳ ಹೊಲಿಗೆಯ ಮಾದರಿಗಳಿಗೆ ಒಂದು ಆಲ್ಬಮ್ ಮಾಡಿಕೊಟ್ಟವನು ಅವನೇ. ಅಂಗಡಿಯ ಗಾಜಿಗೆ ಒಂದು ಚೌಕದ ಚೀಟಿ ಅಂಟಿಸಿದ್ದ. ದಾರಿಹೋಕರು ಫೋನು ಹಿಡಿದರೆ ಅವಳು ಹೊಲಿದ ಕೋಟು, ಲಂಗ, ಕಾಲರು ಎಲ್ಲ ಅವರ ಅಂಗೈಯಲ್ಲಿ. ಪುಸ್ತಕದ ಫೋಟೊಗಳನ್ನು ಬೇರೆ ಇಡಿ, ಯಾರು ನೋಡಬಹುದು ಎಂದು ಅದು ಕೇಳುತ್ತದೆ, ಓದಿ ಒತ್ತಿ ಎಂದೂ ಅವನು ಹೇಳಿದ್ದ. ಹೇಳಲಿಲ್ಲ ಎಂದು ಅವನ ಮೇಲೆ ಗೂಬೆ ಕೂರಿಸುವ ಹಾಗಿಲ್ಲ.

ಮೂರು ಮಧ್ಯಾಹ್ನ ಕೂತು ಅವಳು ಮುನ್ನೂರು ಚಿಲ್ಲರೆ ಹಾಳೆಗಳ ಫೋಟೊ ತೆಗೆದಳು. ಅವಳಿಗೆ ಗೊತ್ತಿದ್ದದ್ದು ಒಂದೇ ಆಲ್ಬಮ್, ಅದಕ್ಕೇ ಹಾಕಿದಳು. ಫೋನು ಕೇಳಿತು. ಇಲ್ಲಿಗೇ ಸೇರಿಸಲೇ ಎಂದಿತು, ಕೊಂಡಿ ಇರುವವರೆಲ್ಲ ನೋಡಬಹುದು ಎಂದಿತು. ವಾಚಾಳಿ ಗಿರಾಕಿಯ ಮಾತಿಗೆ ಸೂಜಿ ಕಚ್ಚಿಕೊಂಡು ತಲೆಯಾಡಿಸುವ ಅಭ್ಯಾಸ ಅವಳದು. ಹಾಗೆಯೇ ಫೋನಿಗೂ ಹ್ಞೂಂ, ಹ್ಞೂಂ, ಹ್ಞೂಂ ಎಂದು ಒತ್ತುತ್ತ ಹೋದಳು. ಊರಿನ ಹೆಂಗಸರ ಬಾಯಿಗೆ ಮೂವತ್ತು ವರ್ಷ ಸಿಕ್ಕದಿದ್ದವಳು ಅಂಗೈಯಗಲದ ಗಾಜಿಗೆ ಮೂರು ಮಧ್ಯಾಹ್ನದಲ್ಲಿ ಎಲ್ಲ ಹೇಳಿಬಿಟ್ಟಳು.

ಇಲ್ಲಿಗೆ ನಿಂತಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು, ತಿಳಿಯದೆ ಆದದ್ದು. ಮಾರನೆಯ ದಿನವೇ ನರ್ಸ್ ಒಬ್ಬಳು ಸಮವಸ್ತ್ರ ಒಯ್ಯಲು ಬಂದವಳು, ನಿಮ್ಮ ಆಲ್ಬಮ್‌ನಲ್ಲಿ ಅಳತೆ ಪುಸ್ತಕವೂ ಕಾಣುತ್ತಿದೆಯಲ್ಲ, ಗೊತ್ತೇ ಎಂದು ಕೇಳಿದಳು. ಗುಂಡುಸೂಜಿಯಮ್ಮ ಹ್ಞೂಂ ಎಂದು ಸಮವಸ್ತ್ರ ಕಟ್ಟಿಕೊಟ್ಟಳು. ಸಂಜೆ ಗಂಡನನ್ನು ಕೇಳಿದಳು. ಅವನು ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುವವನು, ಜಗಳಕ್ಕೂ ಸಲಹೆಗೂ ತಲೆ ಎತ್ತದವನು. ಹೆಸರಿಲ್ಲವಲ್ಲ, ಬಿಡು ಎಂದ. ಹೌದು, ಹೆಸರಿಲ್ಲ. ಮಾವ ಹಾಕಿಕೊಟ್ಟ ದಾರಿ ಸುಳ್ಳಾಗುತ್ತದೆಯೇ? ಶಾಲೆಗಳು ತೆರೆಯುವ ಕಾಲ, ಮೇಜಿನ ಮೇಲೆ ಅರವತ್ತು ಸಮವಸ್ತ್ರ. ಪುರುಸೊತ್ತಾದಾಗ ನೋಡಿದರಾಯಿತು ಎಂದುಕೊಂಡಳು. ನಿಜ ಹೇಳಬೇಕೆಂದರೆ, ತನ್ನ ಅಳತೆಯ ಅಚ್ಚುಕಟ್ಟನ್ನು ನಾಲ್ಕು ಜನ ನೋಡಲಿ ಎಂದು ಒಳಗೊಳಗೇ ಒಂದು ಜಂಬವೂ ಇತ್ತು. ಆಮೇಲೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಆ ಜಂಬ.

ನಾಲ್ಕನೆಯ ದಿನ ಕಾಲೇಜಿನ ಇಬ್ಬರು ಹುಡುಗಿಯರು ಬಂದರು. ಒಬ್ಬಳ ಲಂಗದ ಅಂಚಿಗೆ ಗುಂಡುಸೂಜಿಯಮ್ಮ ನೆಲದ ಮೇಲೆ ಮಂಡಿಯೂರಿ ಸೂಜಿ ಚುಚ್ಚುತ್ತಿದ್ದಳು. ಇನ್ನೊಬ್ಬಳು ಮಾದರಿ ಹುಡುಕುತ್ತ ಫೋನು ನೋಡುತ್ತಿದ್ದಳು. ಇಲ್ನೋಡೇ, ಈ ಬಟ್ಟೆ ಬಸ್ ಸ್ಟ್ಯಾಂಡಿನ ಟಿಕೆಟ್ ಆಂಟಿದಲ್ವಾ ಎಂದಳು. ಇಬ್ಬರೂ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು. ಒಬ್ಬಳು ಮೆಲ್ಲನೆ ಓದಿದಳು, ಎಡಗಡೆ ಇಲ್ಲ. ಮುಂದಕ್ಕೆ ಓದಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಅವರು ನಗಲಿಲ್ಲ, ಗುಂಡುಸೂಜಿಯಮ್ಮನ ನೆತ್ತಿಯನ್ನು ನೋಡುತ್ತ ನಿಂತರು.

ಅವಮಾನವಾದವರು ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರೆ. ಅವಳು ಆಗಲೇ ನೆಲದ ಮೇಲಿದ್ದಳು. ಭೂಮಿ ಏನೂ ಮಾಡಲಿಲ್ಲ.

ಬಾಯಲ್ಲಿ ಸೂಜಿ ಇಟ್ಟುಕೊಂಡೇ ಅವಳು ಪಕ್ಕದ ಅಂಗಡಿಗೆ ಓಡಿದಳು. ರಿಪೇರಿಯವನು ಎರಡು ನಿಮಿಷದಲ್ಲಿ ಎಲ್ಲವನ್ನೂ ತೆಗೆದುಹಾಕಿದ. ಎಷ್ಟು ಜನ ನೋಡಿದ್ದಾರೆ ಎಂದು ಕೇಳಿದ್ದಕ್ಕೆ ಫೋನನ್ನು ಅವಳ ಕಡೆ ತಿರುಗಿಸಿ ತೋರಿಸಿದ. ಇನ್ನೂರ ಹದಿನೇಳು.

"ಅಲ್ಲಿಂದ ತೆಗೆದಾಯ್ತು. ತಮ್ಮ ಫೋನಿಗೆ ಇಳಿಸ್ಕೊಂಡಿರೋರ ಹತ್ರ ಇದ್ದೇ ಇರುತ್ತೆ, ಅದು ನನ್ನ ಕೈಲಿಲ್ಲ" ಎಂದ ಅವನು. ಫೋನನ್ನು ಅವಳ ಕೈಗೆ ಕೊಡುತ್ತ, "ಅಕ್ಕಾ, ಓದಿ ಒತ್ತಿ ಅಂದಿದ್ನಲ್ಲ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಎಂಟುನೂರು ಸಲದ ಲೆಕ್ಕ ಹೇಳಿದವಳ ಮಾತು ಗುಂಡುಸೂಜಿಯಮ್ಮನಿಗೆ ಆಗ ಅರ್ಥವಾಯಿತು. ತನಗೆ ಇದು ಒಂದೇ ಸಲ, ಅದನ್ನೇ ತಡೆಯಲಾಗಲಿಲ್ಲ.

ಅಂಗಡಿಯ ಗಾಜಿನ ಮೇಲಿನ ಚೌಕದ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೇಲಿ ಕಿತ್ತರೇನು, ಬಿಟ್ಟರೇನು. ಆಮೇಲೆ ಬಸ್ ನಿಲ್ದಾಣಕ್ಕೆ ಹೋದಳು. ಹೇಳಿಬಿಡಬೇಕು, ಬೇರೆ ಯಾರಾದರೂ ಹೇಳುವ ಮೊದಲು ತಾನೇ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಆ ಕಿಟಕಿಯಲ್ಲಿ ಗುಟ್ಟು ಹೇಳುವ ಹಾಗೇ ಇಲ್ಲ ಎನ್ನುವುದು ಅಲ್ಲಿಗೆ ಹೋಗಿ ನಿಂತಾಗಲೇ ತೋಚಿದ್ದು. ಗಾಜು ಮೇಲಿಂದ ಕೆಳಗಿನವರೆಗೆ ಮುಚ್ಚಿದೆ. ಕೆಳಗೆ ಕೈ ತೂರುವಷ್ಟು ಕಂಡಿ. ಒಳಗಿನ ಮಾತು ಹೊರಗೆ, ಹೊರಗಿನ ಮಾತು ಒಳಗೆ ಸ್ಪೀಕರಿನಲ್ಲೇ ಕೇಳಬೇಕು, ಸಾಲಿನಲ್ಲಿರುವವರೆಲ್ಲರಿಗೂ ಕೇಳುತ್ತದೆ. ಹಸುರು ಕೋಟಿನಲ್ಲಿ ಕಿಟಕಿಯಾಕೆ ಅವಳನ್ನು ನೋಡಿ ನಕ್ಕಳು, ಎಲ್ಲಿಗೆ ಎಂದು ಕೇಳಿದಳು. ಗುಂಡುಸೂಜಿಯಮ್ಮ ಬಾಯಿಗೆ ಬಂದ ಯಾವುದೋ ಊರಿನ ಹೆಸರು ಹೇಳಿ ಟಿಕೆಟ್ ತೆಗೆದುಕೊಂಡು ಪಕ್ಕಕ್ಕೆ ಬಂದಳು. ಒಂದು ಗಳಿಗೆ ನಿಂತು ಧೈರ್ಯ ತಂದುಕೊಂಡು ಮತ್ತೆ ಸಾಲಿಗೆ ಸೇರಿದಳು. ಮತ್ತೆ ಇನ್ನೊಂದು ಊರಿನ ಟಿಕೆಟ್ ಕೊಂಡಳು. ಎರಡು ಊರಿನಲ್ಲೂ ಅವಳಿಗೆ ನೆಂಟರಿಲ್ಲ.

ಐದು ಗಂಟೆಗೆ ಕಿಟಕಿಯಾಕೆಯ ಪಾಳಿ ಮುಗಿಯಿತು. ಪಕ್ಕದ ಬಾಗಿಲಿನಿಂದ ಹೊರಗೆ ಬಂದವಳು ಕೈಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ಗುಂಡುಸೂಜಿಯಮ್ಮ ಬಾಯಿ ತೆರೆಯುವ ಮೊದಲೇ, ನೀವು ಇಲ್ಲೇ ಇದ್ದದ್ದು ಒಳ್ಳೆಯದಾಯಿತು ಎಂದು ಅವಳ ಕೈ ಹಿಡಿದು ಹೆಂಗಸರ ವಿಶ್ರಾಂತಿ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು.

"ಮೂರು ದಿನದಿಂದ ಕೆಲವರು ನನ್ನ ಮುಖ ನೋಡ್ತಿಲ್ಲ" ಎಂದಳು. "ಬಗ್ಗಿ ಬಗ್ಗಿ ಇಲ್ಲಿ ನೋಡ್ತಾರೆ. ಹತ್ತಿ ಜಾರಿದೆಯೇನೋ ಅಂತ ದಿನಕ್ಕೆ ಹತ್ತು ಸಲ ಎದ್ದು ಹೋಗಿ ಕನ್ನಡಿ ನೋಡ್ಕೊಳ್ತಿದೀನಿ. ನಾಳೆ ನಿಮ್ಮ ಹತ್ರಾನೇ ಬರೋಣ ಅಂತಿದ್ದೆ. ಹೊಲಿಗೆ ಬಿಟ್ಟಿದೆಯಾ ಸ್ವಲ್ಪ ನೋಡಿ."

ಗುಂಡುಸೂಜಿಯಮ್ಮ ಕೋಟಿನ ಒಳಗೆ ಕೈ ಹಾಕಿ ಬೆರಳಾಡಿಸಿದಳು. ಎರಡು ಸಾಲು ಹೊಲಿಗೆ, ಒಂದು ಎಳೆಯೂ ಅಲುಗಿರಲಿಲ್ಲ. ಗಟ್ಟಿಯಾಗಿದೆ ಎಂದಳು. ಕಿಟಕಿಯಾಕೆ ಉಸಿರು ಬಿಟ್ಟಳು. ಹೆಗಲು ಇಳಿದವು, ಮುಖದ ಬಿಗಿ ಸಡಿಲಿತು. ಹಾಗಾದರೆ ಎಲ್ಲಾ ನನ್ನ ಭ್ರಮೆ, ಒಬ್ಬಳೇ ಇದ್ದೂ ಇದ್ದೂ ಏನೇನೋ ಕಲ್ಪಿಸಿಕೊಳ್ಳುತ್ತೇನೆ ಎಂದು ತನ್ನನ್ನೇ ಗೇಲಿ ಮಾಡಿಕೊಂಡು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು.

ಇಲ್ಲೇ ಮುಗಿಸಬಹುದಿತ್ತು. ಹೌದು, ಭ್ರಮೆ ಎಂದರೆ ಸಾಕು. ಅವಳು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾಳೆ, ನಾಳೆಯೂ ಅದೇ ಕೋಟು ಹಾಕಿಕೊಂಡು ಅದೇ ಗಾಜಿನ ಹಿಂದೆ ಕೂರುತ್ತಾಳೆ, ಇನ್ನೂರ ಹದಿನೇಳು ಜನ ಬಂದು ನೋಡಿ ಹೋಗುತ್ತಾರೆ. ಗುಂಡುಸೂಜಿಯಮ್ಮನಿಗೆ ಆ ಆಸೆ ಬಂತು. ಬಂದಿತ್ತು ಎನ್ನುವುದನ್ನು ಅವಳು ಆಮೇಲೆ ಗಂಡನಿಗೂ ಹೇಳಿಕೊಳ್ಳಲಿಲ್ಲ. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡದ್ದೇ ಅವಳ ಮರ್ಯಾದೆಯಾಗಿತ್ತು, ಈಗ ಬಾಯಿ ಮುಚ್ಚಿಕೊಂಡರೆ ಅದಕ್ಕಿಂತ ಹೇಡಿತನ ಇನ್ನಿಲ್ಲ.

"ಭ್ರಮೆ ಅಲ್ಲ" ಎಂದಳು.

ಎಲ್ಲ ಹೇಳಿದಳು. ಕೊಳವೆ ಒಡೆದದ್ದು, ಫೋಟೊ ತೆಗೆದದ್ದು, ಹ್ಞೂಂ ಹ್ಞೂಂ ಎಂದು ಒತ್ತಿದ್ದು. ಕಿಟಕಿಯಾಕೆಯ ಕೈ ಮೂರನೆಯ ಗುಂಡಿಯ ಮೇಲೆಯೇ ನಿಂತಿತ್ತು. ಎಷ್ಟು ದಿನ ಇತ್ತು ಎಂದು ಕೇಳಿದಳು. ನಾಲ್ಕು. ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಇವತ್ತು ಎನ್ನಬಹುದಿತ್ತು, ನರ್ಸ್ ಹೇಳಿದ್ದು ಗಂಡನ ಹೊರತು ಯಾರಿಗೂ ಗೊತ್ತಿರಲಿಲ್ಲ. ಮಾರನೆಯ ದಿನವೇ ಗೊತ್ತಾಯಿತು, ಕೆಲಸ ಜಾಸ್ತಿ ಇತ್ತು ಎಂದು ಬಿಟ್ಟೆ ಎಂದಳು ಗುಂಡುಸೂಜಿಯಮ್ಮ. ಹಾಗೆಂದ ಮೇಲೆ ಬಾಯಿ ತಡೆಯದೆ, "ಹೆಸರು ಬರೆದಿರಲಿಲ್ಲ" ಎಂದೂ ಸೇರಿಸಿದಳು.

ಕಿಟಕಿಯಾಕೆ ತಲೆ ಬಗ್ಗಿಸಿ ತನ್ನ ಕೋಟನ್ನೇ ನೋಡಿಕೊಂಡಳು.

"ಹೆಸರು ಯಾಕೆ ಬೇಕಿತ್ತು? ದಿನಾ ಇದನ್ನೇ ಹಾಕ್ಕೊಂಡು ಎಲ್ಲರ ಎದುರಿಗೆ ಕೂತಿರ್ತಿದ್ನಲ್ಲ."

ಬೈಯಲಿ ಎಂದು ಗುಂಡುಸೂಜಿಯಮ್ಮ ಕಾದಳು. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಕಿಟಕಿಯಾಕೆ ಗೋಡೆಗೆ ಒರಗಿದಳು. ಹೊರಗೆ ಬಸ್ಸೊಂದು ಹಿಂದಕ್ಕೆ ಬರುತ್ತ ಕೂಗಿಕೊಳ್ಳುತ್ತಿತ್ತು.

"ಇನ್ನೊಬ್ಬ ದರ್ಜಿ ಹತ್ರ ಹೋಗಬಹುದು" ಎಂದಳು ಕೊನೆಗೆ. "ಆದ್ರೆ ಅಲ್ಲಿ ಮತ್ತೆ ಮೊದಲಿಂದ ಬಿಚ್ಚಿ ನಿಲ್ಲಬೇಕಲ್ಲ."

ಉಳಿದ ಗುಂಡಿಗಳನ್ನು ಹಾಕಿಕೊಂಡು, ಚೀಲವನ್ನು ಎದೆಗೆ ಅವಚಿಕೊಂಡು ಅವಳು ಹೊರಟುಹೋದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅದು ಕಳೆದುಕೊಂಡವರ ಮಾನದ ಮಾತು. ಇನ್ನೊಬ್ಬರ ಮಾನ ತನ್ನ ಕೈಯಿಂದ ಹೋದವರು ಏನು ಕೊಡಬೇಕು, ಯಾವ ಗಾದೆಯೂ ಹೇಳುವುದಿಲ್ಲ.

ಮಾರನೆಯ ದಿನ ಗುಂಡುಸೂಜಿಯಮ್ಮ ಅಂಗಡಿಯ ಬಾಗಿಲು ತೆರೆಯಲಿಲ್ಲ. ಮೂರೂ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, ತಾನು ದರ್ಜಿಯಲ್ಲ, ದಾರಿಹೋಕಳು ಎಂದುಕೊಂಡು ನೋಡಿದಳು. ಈ ಕೆಂಪು ಗೀರಿನದು ಅಂಚೆಕಚೇರಿಯ ಹಿರಿಯಳದು. ಈ ನೀಲಿ, ಮೂಲೆ ಮನೆಯ ಅತ್ತೆಯದು, ಇದರ ಪಕ್ಕದ ತಿಳಿನೀಲಿ ಅವರ ಸೊಸೆಯದು. ಪುಸ್ತಕದ ತುಂಬ ಹೆಸರುಗಳೇ ಇದ್ದವು. ಒಂದೊಂದಾಗಿ ಸೂಜಿ ಕಿತ್ತು ತುಂಡುಗಳನ್ನೆಲ್ಲ ಒಂದು ತಪ್ಪಲೆಗೆ ಹಾಕಿದಳು, ಗಂಡ ಒಲೆ ಹಚ್ಚಿದ. ಎಲ್ಲರ ಮನೆಗೂ ಹೋಗಿ ತಾನೇ ಹೇಳುತ್ತೇನೆ ಎಂದಾಗ ಅವನು ಮೊದಲ ಸಲ ತಲೆ ಎತ್ತಿ, ಹಾಗೆ ಮಾಡಿದರೆ ಅಂಗಡಿ ಉಳಿಯುವುದಿಲ್ಲ ಎಂದ. ಅವಳು ಹ್ಞೂಂ ಎಂದಳು.

ಹಸುರು ತುಂಡನ್ನು ಮಾತ್ರ ಹಾಳೆಯಿಂದ ಕೀಳಲಿಲ್ಲ, ಸುಡಲಿಲ್ಲ. ಅದು ಯಾರದೋ ಅವರಿಗೇ ಸೇರಬೇಕು. ಹಾಳೆಯನ್ನೇ ಬುಡದಿಂದ ಕಿತ್ತು, ನಾಲ್ಕು ಮಡಿಕೆ ಮಡಿಸಿ, ನಿಲ್ದಾಣಕ್ಕೆ ಒಯ್ದು ಸಾಲಿನಲ್ಲಿ ನಿಂತಳು.

ಗಾಜಿನ ಹಿಂದೆ ಹಸುರು ಕೋಟು ಇರಲಿಲ್ಲ. ಕಿಟಕಿಯಾಕೆ ದೊಗಳೆ ಬೂದು ಸ್ವೆಟರು ಹಾಕಿಕೊಂಡಿದ್ದಳು, ಮೇಲೆ ದಪ್ಪ ಶಾಲು, ಅದರ ಎರಡೂ ತುದಿಗಳನ್ನು ಎದೆಯ ಮೇಲೆ ಗಂಟು ಹಾಕಿದ್ದಳು. ಎರಡು ವರ್ಷದಲ್ಲಿ ಒಂದು ದಿನವೂ ಅವಳು ಹಾಗೆ ಮುದುಡಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಗುಂಡುಸೂಜಿಯಮ್ಮ ಹಾಳೆಯನ್ನು ಕಂಡಿಯಲ್ಲಿ ತಳ್ಳಿದಳು. ಕಿಟಕಿಯಾಕೆ ಬಿಡಿಸಿದಳು, ಹಸುರು ತುಂಡನ್ನು ಬೆರಳಿನಿಂದ ಮುಟ್ಟಿದಳು, ಓದಿದಳು. ಗೆರೆ ಎಳೆದ ಕೊನೆಯ ಪದದವರೆಗೂ ಓದಿದಳೆಂದು ಗುಂಡುಸೂಜಿಯಮ್ಮನಿಗೆ ಅವಳ ಕಣ್ಣಿನಿಂದ ತಿಳಿಯಿತು. ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿ ಶಾಲಿನೊಳಗೆ ಎಡಗಡೆ ಇಟ್ಟುಕೊಂಡಳು.

ಸ್ಪೀಕರಿನಲ್ಲಿ ಅವಳ ದನಿ ಬಂತು, ಎಂಟುನೂರು ಜನರಿಗೆ ಬರುವ ಅದೇ ದನಿ.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ" ಎಂದಳು ಗುಂಡುಸೂಜಿಯಮ್ಮ.

"ಹಾಗಾದ್ರೆ ಪಕ್ಕಕ್ಕೆ ಸರೀರಿ. ಹಿಂದೆ ಜನ ನೋಡ್ತಿದಾರೆ."

ಗುಂಡುಸೂಜಿಯಮ್ಮ ಸರಿದಳು. ಹಿಂದಿದ್ದವನು ಮುಂದೆ ಬಂದು ಕಿಟಕಿಗೆ ಬಗ್ಗಿದ.